ಬೇರೆ ಊರಿನಲ್ಲಿ ನೆಲೆಸಿದ್ದಾರೆ

ಇಲ್ಲದ ಮನುಷ್ಯನನ್ನು ಕಲ್ಪಿಸಿಕೊಳ್ಳುವುದಕ್ಕೆ ನನಗೆ ಸಂಬಳ ಕೊಡುತ್ತಿದ್ದರು. ತಮಾಷೆಗೆ ಹೇಳುತ್ತಿಲ್ಲ. ತೊಂಬತ್ತರ ದಶಕದಲ್ಲಿ ಮೈಸೂರಿನ ಒಂದು ತೆರಿಗೆ ಕಚೇರಿಯಲ್ಲಿ ನಾನು ಗುಮಾಸ್ತನಾಗಿದ್ದೆ. ಯಾವ ಕಚೇರಿ ಎಂದು ಕೇಳಬೇಡಿ, ತಪ್ಪು ನನ್ನದು, ಕಚೇರಿಯದಲ್ಲ. ಮನೆಗಳ ತೆರಿಗೆ ನೋಡಿಕೊಳ್ಳಲು ಬೇರೆಯವರಿದ್ದರು. ನನ್ನ ಪಾಲಿಗೆ ಬಂದದ್ದು ವಸತಿಯೇತರ ಕಟ್ಟಡಗಳು. ಅಂದರೆ ಅಂಗಡಿ, ಗೋದಾಮು, ಹೋಟೆಲು, ಟ್ಯುಟೋರಿಯಲ್ಲು, ಕ್ಲಿನಿಕ್ಕು. ಟೇಪು ಹಿಡಿದು ಅಳೆಯುವುದು, ಇದಕ್ಕೆ ವರ್ಷಕ್ಕೆ ಎಷ್ಟು ಬಾಡಿಗೆ ಬರಬಹುದು ಎಂದು ಬರೆಯುವುದು, ಇಷ್ಟೇ ಕೆಲಸ.

ಆ 'ಬರಬಹುದು' ಎನ್ನುವುದರಲ್ಲೇ ಇತ್ತು ನೋಡಿ ತಾಪತ್ರಯ. ಬಾಡಿಗೆಗೆ ಕೊಟ್ಟ ಅಂಗಡಿಯಾದರೆ ಕರಾರುಪತ್ರ ನೋಡಿದರೆ ಆಯಿತು. ಯಜಮಾನನೇ ಗಲ್ಲಾದ ಮೇಲೆ ಕೂತಿದ್ದರೆ? ಅವನು ಯಾರಿಗೂ ಬಾಡಿಗೆ ಕೊಡುವುದಿಲ್ಲ, ಯಾರಿಂದಲೂ ತೆಗೆದುಕೊಳ್ಳುವುದಿಲ್ಲ. ಅಂಥ ಕಡೆ ಒಬ್ಬ ಬಾಡಿಗೆದಾರ ಬಂದಿದ್ದಾನೆ ಎಂದುಕೊಂಡು, ಅವನು ಎಷ್ಟು ಕೊಡಲು ಒಪ್ಪುತ್ತಾನೋ ಅದನ್ನೇ ಕಟ್ಟಡದ ಮೌಲ್ಯಕ್ಕೆ ಹಿಡಿಯಬೇಕು ಎನ್ನುವುದು ನಿಯಮ. ನನಗೆ ಕೆಲಸ ಕಲಿಸಿದವರು ಒಬ್ಬ ರೆವಿನ್ಯೂ ಇನ್ಸ್‌ಪೆಕ್ಟರು. ಹಣೆಯ ತುಂಬ ವಿಭೂತಿ, ನಿವೃತ್ತಿಗೆ ಇನ್ನು ನಾಲ್ಕೈದು ವರ್ಷ. ಮೊದಲ ದಿನವೇ ನನ್ನನ್ನು ಒಂದು ಪಾತ್ರೆ ಅಂಗಡಿಯ ಹೊಸ್ತಿಲ ಮೇಲೆ ನಿಲ್ಲಿಸಿದರು.

"ಒಬ್ಬ ಬಂದ ಅನ್ಕೋ. ಅವನು ಇವ್ರಿಗೆ ನೆಂಟನೂ ಅಲ್ಲ, ಹಗೆನೂ ಅಲ್ಲ. ಅವಸರವೂ ಇಲ್ಲ. ಅಂಗಡಿ ಬೇಕು ಅವನ್ಗೆ, ಅಷ್ಟೇ. ಎಷ್ಟು ಕೊಡ್ತೀಯಪ್ಪಾ ಅಂತ ಕೇಳು. ಏನಂದ?"

"ಏನೂ ಅನ್ಲಿಲ್ಲ ಸಾರ್."

"ಇನ್ನೊಂದ್ಸಲ ಕೇಳು. ಅಂತಾನೆ."

ಅಂದನೋ ಬಿಟ್ಟನೋ, ಆರು ತಿಂಗಳೊಳಗೆ ಅವನಿಗೆ ಒಂದು ಮುಖ ಬಂತು. ನಲವತ್ತು ದಾಟಿದವನು, ಖಾಲಿ ಕೈ, ಒಳಗೆ ಬರದೆ ಹೊಸ್ತಿಲಲ್ಲೇ ನಿಂತು ಸೂರು ನೋಡುವವನು. ಸರಸ್ವತಿಪುರಂನ ನನ್ನ ಬಾಡಿಗೆ ರೂಮಿನಲ್ಲಿ ಬಟ್ಟೆ ಒಣಹಾಕುತ್ತಿದ್ದಾಗಲೂ ಬಾಗಿಲಲ್ಲಿ ಅವನು ನಿಂತಿದ್ದಾನೆ ಎನ್ನಿಸಿ ತಿರುಗಿ ನೋಡುತ್ತಿದ್ದೆ. ಮದುವೆಯಾಗದ ಹುಡುಗ, ಮೆಸ್ಸಿನ ಊಟ, ತಲೆ ಕೆಟ್ಟಿದೆ ಎಂದು ನಾನೇ ನನ್ನನ್ನು ಬೈದುಕೊಂಡು ಸುಮ್ಮನಾದೆ.

ಇನ್ನೊಂದು ನಿಯಮವನ್ನೂ ಹೇಳಿಬಿಡುತ್ತೇನೆ, ಅದಿಲ್ಲದೆ ಮುಂದಿನದು ಅರ್ಥವಾಗುವುದಿಲ್ಲ. ಬೀದಿಗೆ ಬಾಗಿಲು, ಮೇಲೊಂದು ಬೋರ್ಡು, ಒಳಗೆ ಕಸುಬಿನ ಸಾಮಾನು ಇದ್ದರೆ ಅದು ಅಂಗಡಿ. ಗಿರಾಕಿ ಬರುತ್ತಾನೋ ಇಲ್ಲವೋ ನಮಗೆ ಬೇಡ. ಆದರೆ ಅಂಗಡಿ ಮುಚ್ಚಿ ಖಾಲಿ ಬಿದ್ದಿದ್ದರೆ ತೆರಿಗೆಯಲ್ಲಿ ದೊಡ್ಡ ರಿಯಾಯಿತಿ. ಅದಕ್ಕೆ ಮಾಲೀಕರು ಬರೆದುಕೊಡಬೇಕು, ಇಲ್ಲವೇ ನಾವೇ ಹೋಗಿ ನೋಡಿ ಸ್ಥಳದಲ್ಲೇ ಮಹಜರು ಬರೆದು, ಅಕ್ಕಪಕ್ಕದ ಇಬ್ಬರ ಸಾಕ್ಷಿ ಸಹಿ ಹಾಕಿಸಿಕೊಳ್ಳಬೇಕು. ಯಾಕೆ ಖಾಲಿ ಬಿದ್ದಿದೆ ಎನ್ನುವ ಕಾರಣವನ್ನೂ ಅದರಲ್ಲಿ ಬರೆಯಬೇಕು.

ಕಾರಣ ಯಾರಿಗೆ ಗೊತ್ತು? ನಮ್ಮ ಇನ್ಸ್‌ಪೆಕ್ಟರು ಅದಕ್ಕೆಂದೇ ಒಂದು ವಾಕ್ಯ ಮಾಡಿಟ್ಟಿದ್ದರು. 'ಸದರಿ ಮಳಿಗೆಯ ವ್ಯಾಪಾರಸ್ಥರು ವ್ಯವಹಾರ ನಿಲ್ಲಿಸಿ ಬೇರೆ ಊರಿನಲ್ಲಿ ನೆಲೆಸಿದ್ದಾರೆ.' ದಿವಾಳಿ ಎದ್ದವನಿಗೂ ಅದೇ, ಲಕ್ವ ಹೊಡೆದು ಮಲಗಿದವನಿಗೂ ಅದೇ, ಅಣ್ಣತಮ್ಮಂದಿರು ಬಡಿದಾಡಿ ಬೀಗ ಹಾಕಿದ್ದಕ್ಕೂ ಅದೇ. ಈ ವಾಕ್ಯ ಬರೆದರೆ ಮೇಲಿನವರು ಮರುಪ್ರಶ್ನೆ ಹಾಕುತ್ತಿರಲಿಲ್ಲ. ಬೇರೆ ಊರಿಗೆ ಹೋದವನನ್ನು ಯಾರು ಹುಡುಕಿಕೊಂಡು ಹೋಗುತ್ತಾರೆ? ಸಾಕ್ಷಿ ಹಾಕುವವರೂ ಓದುತ್ತಿರಲಿಲ್ಲ. 'ಎಲ್ಲಿ ಸಾರ್, ಇಲ್ಲಾ?' ಎಂದು ಕೇಳಿ ಗೀಚಿ ಕೊಡುತ್ತಿದ್ದರು.

ಅಗ್ರಹಾರದ ಒಂದು ಅಡ್ಡಬೀದಿ. ಆ ವರ್ಷ ತೆರಿಗೆ ಪರಿಷ್ಕರಣೆಯಾಗಿ ಆ ಬೀದಿಯ ಅಂಗಡಿಗಳ ದರ ಏರಿತ್ತು. ಅಳೆಯುತ್ತ ಅಳೆಯುತ್ತ ಒಂದು ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿಗೆ ಬಂದೆ. ಮನೆಯ ಮುಂದಿನ ಕೋಣೆಯೇ ಅಂಗಡಿ. ಹಳೇ ಕಾಲದ ಹಲಗೆ ಬಾಗಿಲು, ಏಳು ಹಲಗೆ, ಒಂದೊಂದರ ಮೇಲೂ ಬಿಳಿ ಬಣ್ಣದಲ್ಲಿ ನಂಬರು. ಎಲ್ಲವನ್ನೂ ತೆಗೆದು ಗೋಡೆಗೆ ಒರಗಿಸಿತ್ತು. ಹೊಸ್ತಿಲು ತೊಳೆದು ರಂಗೋಲಿ ಬಿಟ್ಟಿತ್ತು, ಊದುಬತ್ತಿ ಉರಿಯುತ್ತಿತ್ತು. ಕಸುಬು ಮಾಡುವವರು ಮಾತ್ರ ಯಾರೂ ಇಲ್ಲ.

ನಾಲ್ಕೂ ಗೋಡೆಯ ಮೇಲೆ ಫೋಟೋಗಳು. ಯಾರ್ಯಾರದೋ ಅಜ್ಜಂದಿರು, ಪೇಟ ಸುತ್ತಿದವರು, ಮೂಗುತಿಯ ಮುದುಕಿಯರು, ಒಂದು ಮಗು. ಕಟ್ಟು ಹಾಕಿಸಲು ಕೊಟ್ಟು ವಾಪಸು ಒಯ್ಯದವರದು. ಮೇಜಿನ ಮೇಲೆ ಒಂದು ಮದುವೆ ಫೋಟೋ, ಮೂರು ಕಡೆ ಮರದ ಪಟ್ಟಿ ಹೊಡೆದಿತ್ತು, ನಾಲ್ಕನೆಯ ಕಡೆ ಬರಿದು. ಸುತ್ತ ಮೇಜು ಫಳಫಳ ಹೊಳೆಯುತ್ತಿತ್ತು. ಫೋಟೋವನ್ನು ಕದಲಿಸದೆ ದಿನಾ ಅದರ ಸುತ್ತಲೂ ಒರೆಸುತ್ತಾರೆ ಎಂದು ಗೊತ್ತಾಗುತ್ತಿತ್ತು. ಅಷ್ಟು ಜನ ಗೋಡೆಯ ಮೇಲಿಂದ ನೋಡುತ್ತಿರುವಾಗ ಟೇಪು ಬಿಚ್ಚಲು ನನಗೆ ಕೈ ಬರಲಿಲ್ಲ.

ಒಳಗಿನಿಂದ ಒಬ್ಬ ಹೆಂಗಸು ಬಂದರು. ನಲವತ್ತರ ಆಸುಪಾಸು, ಬಾಯಲ್ಲಿ ದಾರ ಕಚ್ಚಿಕೊಂಡಿದ್ದರು. ಸೀರೆಗಳಿಗೆ ಫಾಲ್ಸ್ ಹೊಲಿದು ಜೀವನ ನಡೆಸುತ್ತಿದ್ದರಂತೆ, ಅದು ಆಮೇಲೆ ತಿಳಿದದ್ದು.

"ಯಜಮಾನ್ರಿಲ್ವಾ ಅಮ್ಮ?"

"ಗಾಜು ತರಕ್ಕೆ ಹೋಗವ್ರೆ."

"ಯಾವಾಗ ಬರ್ತಾರೆ?"

"ಬರ್ತಾರೆ."

"ಹೋಗಿ ಎಷ್ಟೊತ್ತಾಯ್ತು?"

"ಬರೋ ದಸರಾಕ್ಕೆ ಮೂರು ವರ್ಷ," ಎಂದರು. ಹಾಲು ತರಲು ಹೋದವರ ವಿಷಯ ಹೇಳುವ ಹಾಗೇ ಹೇಳಿದರು. ಜಗಳವಿರಲಿಲ್ಲವಂತೆ. ಊಟ ಮಾಡಿ, ಸಾಯಂಕಾಲದೊಳಗೆ ಬರ್ತೀನಿ ಎಂದು ಹೋದವರು. ಪೊಲೀಸಿನವರು ಬರೆದುಕೊಂಡಿದ್ದರು. ನೆಂಟರು ಒಂದಷ್ಟು ದಿನ ಓಡಾಡಿ ಕೈಚೆಲ್ಲಿದ್ದರು. ಈಕೆ ಮಾತ್ರ ಬೆಳಿಗ್ಗೆ ಎಂಟಕ್ಕೆ ಏಳು ಹಲಗೆ ತೆಗೆಯುವುದು, ಮಧ್ಯಾಹ್ನ ಊಟಕ್ಕೆ ಎರಡು ಹಾಕುವುದು, ಮತ್ತೆ ತೆಗೆಯುವುದು, ಸಂಜೆ ಹಾಕುವುದು. ಬಂದವರಿಗೆ ಅಂಗಡಿ ಬಾಗಿಲು ಹಾಕಿದ್ದು ಕಾಣಬಾರದು.

ಅಂಗಡಿಯ ದರ ಎಷ್ಟಾಗುತ್ತದೆಂದು ಹೇಳಿದೆ. ಅವರ ಮುಖ ಇಳಿಯಿತು. ಅಷ್ಟು ಕಟ್ಟಬೇಕೆಂದರೆ ಕೋಣೆಯನ್ನು ಯಾರಿಗಾದರೂ ಬಾಡಿಗೆಗೆ ಕೊಡಬೇಕು, ಬೇರೆ ದಾರಿ ಇಲ್ಲ. ಬಾಡಿಗೆಗೆ ಕೊಟ್ಟರೆ ಅವರು ಬಂದಾಗ ಎಲ್ಲಿ ಕೂರುತ್ತಾರೆ? ನನಗೂ ಅಯ್ಯೋ ಅನ್ನಿಸಿತು. ಖಾಲಿ ಎಂದು ಬರೆದುಕೊಡಿ, ಬಾಗಿಲು ಹಾಕಿಡಿ, ರಿಯಾಯಿತಿ ಮಾಡಿಸಿಕೊಡುತ್ತೇನೆ ಎಂದೆ.

"ದಿನಾ ತೆಗೀತೀನಲ್ಲ ಸ್ವಾಮಿ. ಮುಚ್ಚಿದೆ ಅಂತ ಎಂಗೆ ಬರ್ಕೊಡ್ಲಿ?"

"ವ್ಯಾಪಾರ ಇಲ್ವಲ್ಲಮ್ಮ."

"ಅವ್ರಿಲ್ಲ, ಅದಕ್ಕಿಲ್ಲ. ಅವ್ರು ಬಂದ್ರೆ ಇರ್ತದೆ. ಮುಚ್ಚಿದೆ ಅಂತ ನನ್ ಕೈಯಾರೆ ನಾನು ಬರ್ಕೊಡಲ್ಲ."

ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಉಪಕಾರ ಮಾಡಲು ಹೋದರೆ ಈ ಹಟ. "ನಿಮ್ಮಿಷ್ಟ ಕಣಮ್ಮ, ಆಮೇಲೆ ನನ್ನ ಅನ್ನಬೇಡಿ," ಎಂದು ದುರುದುರು ಹೊರಗೆ ಬಂದೆ. ಬೀದಿ ದಾಟುವುದರೊಳಗೆ ಕೋಪ ಇಳಿಯಿತು. ಕೋಪ ಇಳಿದ ಮೇಲೆ ಬರುವ ಜಾಣತನ ಇದೆಯಲ್ಲ, ಅದು ಇನ್ನೂ ಅಪಾಯ. ಆಕೆ ಬರೆದುಕೊಡದಿದ್ದರೇನು, ನಾನೇ ಮಹಜರು ಬರೆದರಾಯಿತಲ್ಲ? ಪಕ್ಕದ ಕಾಫಿಪುಡಿ ಅಂಗಡಿಯ ಮೆಟ್ಟಿಲ ಮೇಲೆ ಕೂತು, ತೊಡೆಯ ಮೇಲೆ ಕಾಗದ ಇಟ್ಟುಕೊಂಡು ಬರೆದೆ. ಕಾರಣದ ಜಾಗ ಬಂದಾಗ ಪೆನ್ನು ನಿಲ್ಲಲೇ ಇಲ್ಲ. ಕೈಗೆ ಪಾಠವಾಗಿತ್ತು. ಕಾಫಿಪುಡಿ ಅಂಗಡಿಯವರು ಮಿಷನ್ನು ನಿಲ್ಲಿಸದೆಯೇ ಸಹಿ ಹಾಕಿದರು. ಎದುರಿನ ಟೈಲರೂ ಹಾಕಿದರು. ಆ ಸಂಜೆ ನಾನು ದೊಡ್ಡ ಪುಣ್ಯದ ಕೆಲಸ ಮಾಡಿದೆನೆಂದುಕೊಂಡು ಮಸಾಲೆದೋಸೆ ತಿಂದೆ.

ಎರಡು ತಿಂಗಳಾದ ಮೇಲೆ ಆಕೆ ಕಚೇರಿಗೆ ಬಂದರು. ಮಧ್ಯಾಹ್ನದ ಊಟ ಮುಗಿಸಿ ನಾವೆಲ್ಲ ಆಕಳಿಸುತ್ತಿದ್ದ ಹೊತ್ತು. ಮೊದಲು ಗುರುತೇ ಸಿಗಲಿಲ್ಲ. ಒಳ್ಳೆಯ ಸೀರೆ ಉಟ್ಟಿದ್ದರು, ಮಲ್ಲಿಗೆ ಮುಡಿದಿದ್ದರು, ಕೈಯಲ್ಲಿ ಹೊಟ್ಟೆ ಉಬ್ಬಿದ ರೆಕ್ಸಿನ್ ಬ್ಯಾಗು. ಎಲ್ಲಿಗೋ ಹೊರಟವರ ಹಾಗಿತ್ತು. ಪ್ಲಾಸ್ಟಿಕ್ ಕವರಿನಿಂದ ಒಂದು ಕಾಗದ ತೆಗೆದು ನನ್ನ ಮೇಜಿನ ಮೇಲೆ ಇಟ್ಟರು. ರಿಯಾಯಿತಿ ಮಂಜೂರಾದ ಆದೇಶ. ಆಕೆಯ ಬೆರಳು ಒಂದು ಸಾಲಿನ ಕೆಳಗೆ ನಿಂತಿತು.

"ಬೇರೆ ಊರಿನಲ್ಲಿ ನೆಲೆಸಿರುವುದು ಸ್ಥಳ ತನಿಖೆಯಿಂದ ದೃಢಪಟ್ಟಿದೆ ಅಂತ ಬರ್ದವ್ರೆ ಸ್ವಾಮಿ. ಯಾವ ಊರು?"

ನಾನು ಮುಂದಿದ್ದ ಫೈಲಿನ ದಾರ ಬಿಚ್ಚಿ ಮತ್ತೆ ಕಟ್ಟಿದೆ.

"ಊರು ಹೇಳ್ಬುಡಿ ಸಾಕು. ವಿಳಾಸ ನಾನು ಕೇಳ್ಕೊಂಡು ಹೋಗ್ತೀನಿ. ಅವ್ರ ಸ್ವೆಟ್ರು ತಂದಿವ್ನಿ."

ಇನ್ಸ್‌ಪೆಕ್ಟರು ಎದ್ದು ಬಂದರು. "ಅದು ಕಚೇರಿ ಬರವಣಿಗೆ ಕಣಮ್ಮ. ಅದನ್ನೆಲ್ಲ ಮನಸ್ಸಿಗೆ ಹಚ್ಕೋಬೇಡಿ," ಎಂದರು.

"ಮೊಹರು ಒತ್ತವ್ರಲ್ಲ ಸ್ವಾಮಿ. ಗೊತ್ತಿಲ್ದೆ ಒತ್ತುತಾರಾ? ಯಾರು ನೋಡಿದ್ದು ಅವ್ರನ್ನ?"

ಆಕೆ ಬಿಡಲಿಲ್ಲ. ಮೂಲ ಕಾಗದ ತೋರಿಸಿ ಎಂದು ಕೂತರು. ಕೊನೆಗೆ ಇನ್ಸ್‌ಪೆಕ್ಟರು ಬೇಸತ್ತು ಫೈಲು ತೆರೆದು ಮಹಜರು ತೋರಿಸಿದರು. ಆಕೆ ಮೇಲಿಂದ ಕೆಳಗಿನವರೆಗೆ ಓದಿದರು. ಕೆಳಗಿನ ಸಹಿ ನೋಡಿ ಅಲ್ಲೇ ಬೆಂಚಿನ ಮೇಲೆ ಕುಸಿದರು.

"ಇದು ಕಾಫಿಪುಡಿ ಅಣ್ಣನ ಸಹಿ. ಅಣ್ಣಂಗೆ ಗೊತ್ತಿತ್ತಾ?"

ನಾನು ಆಗಲೇ ಹೇಳಬೇಕಿತ್ತು. ಯಾರಿಗೂ ಏನೂ ಗೊತ್ತಿಲ್ಲಮ್ಮ, ಎಲ್ಲ ಮುಚ್ಚಿದ ಅಂಗಡಿಗೂ ನಾವು ಇದನ್ನೇ ಬರೆಯುತ್ತೇವೆ ಎಂದು ಎರಡು ಮಾತು. ಸುಳ್ಳು ಮಹಜರು ಬರೆದೆ ಎಂದು ಬಾಯಿಬಿಟ್ಟರೆ ಸಸ್ಪೆಂಡು. ನನ್ನ ಹಳ್ಳಿಯ ಮನೆಯಲ್ಲಿ ಮೊದಲ ಸರ್ಕಾರಿ ನೌಕರ ನಾನು. ಸುಮ್ಮನೆ ಕೂತೆ. ಆಕೆ ಬ್ಯಾಗು ಎತ್ತಿಕೊಂಡು ಹೋದರು. ಫ್ಯಾನಿನ ಗಾಳಿಗೆ ಆ ಆದೇಶ ಮೇಜಿನ ಮೇಲೆ ಅಲುಗಾಡುತ್ತಿತ್ತು, ನಾನು ಅದರ ಮೇಲೆ ಪೇಪರ್‌ವೇಟು ಇಟ್ಟೆ.

ಎರಡನೇ ದಿನ ಕಾಫಿಪುಡಿ ಅಂಗಡಿಯವರು ಬಂದರು. ಐವತ್ತು ದಾಟಿದವರು, ಸಾಧು ಮನುಷ್ಯ. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಏನ್ ಬರ್ಸಿದ್ದೀರಿ ಕಣ್ರೀ ನನ್ ಕೈಲಿ? ಮೂರು ವರ್ಷದಿಂದ ಅಣ್ಣ ಅಣ್ಣ ಅಂತಿದ್ದೋಳು, ನೀನೂ ಮುಚ್ಚಿಟ್ಟೆಯಲ್ಲ ಅಂತ ನನ್ ಮನೆ ಮುಂದೆ ನಿಂತು ಅಳ್ತಾಳೆ. ಓದಿರ್ಲಿಲ್ಲ ಕಣಮ್ಮ ಅಂದ್ರೆ, ಓದದೆ ಯಾರಾದ್ರೂ ಸಹಿ ಹಾಕ್ತಾರಾ ಅಂತಾಳೆ. ಬಂದು ಒಂದು ಮಾತು ಹೇಳಿ ನೀವು."

ಬರ್ತೀನಿ ಎಂದೆ. ನಾಳೆ ಎಂದೆ. ಹೋಗಲಿಲ್ಲ. ಅವರು ಇನ್ನೊಂದು ಸಲ ಬಂದರು, ನಾನು ಹಿಂದಿನ ಬಾಗಿಲಿನಿಂದ ಜಾರಿಕೊಂಡೆ. ಮೂರನೆಯ ಸಲ ಅವರು ಬರಲಿಲ್ಲ.

ಆಮೇಲೆ ಆ ಏಳು ಹಲಗೆ ತೆಗೆಯಲಿಲ್ಲವಂತೆ. ನಾನು ಒಂದೆರಡು ಸಲ ಬೀದಿಯ ತುದಿಯಿಂದ ಕಳ್ಳನ ಹಾಗೆ ಇಣುಕಿ ನೋಡಿದ್ದೆ, ನಿಜವೇ. ರಂಗೋಲಿ ಮನೆಯ ಪಕ್ಕದ ಬಾಗಿಲಿಗೆ ಹೋಗಿತ್ತು. ಆಗಲೇ ನನಗೆ ಪೂರ್ತಿ ಅರ್ಥವಾದದ್ದು. ಅದುವರೆಗೆ ಆಕೆಯ ಗಂಡ ಏನೋ ತೊಂದರೆಗೆ ಸಿಕ್ಕಿ ಬರಲಾಗದೆ ಇದ್ದವರು. ನನ್ನ ಒಂದು ವಾಕ್ಯದಿಂದ ಅವರು ಹೆಂಡತಿಯನ್ನು ಬಿಟ್ಟು, ಬೇರೆ ಊರಿನಲ್ಲಿ ಸುಖವಾಗಿ ನೆಲೆಸಿದವರಾದರು. ಬೀದಿಯವರಿಗೆಲ್ಲ ಅದು ಗೊತ್ತಿದ್ದು ತನ್ನೊಬ್ಬಳಿಗೆ ಹೇಳಿಲ್ಲ ಎಂದು ಆಕೆ ನಂಬಿದರು. ಕಾಯುವುದನ್ನು ನಾನು ನಿಲ್ಲಿಸಿದ್ದೆ, ಅದೂ ತೆರಿಗೆ ಕಡಿಮೆ ಮಾಡಿಸಲು ಹೋಗಿ.

ಆ ಕಾಣೆಯಾದ ಮನುಷ್ಯ ನನ್ನನ್ನು ಹಿಡಿದುಕೊಂಡ. ಅವನ ಮುಖ ನಾನು ನೋಡಿದವನಲ್ಲ. ಊರಿನವರದೆಲ್ಲ ಫೋಟೋ ಕಟ್ಟಿದವನು ತನ್ನದೊಂದನ್ನೂ ಗೋಡೆಗೆ ಹಾಕಿರಲಿಲ್ಲ. ಎಡಗೈ ಹೆಬ್ಬೆರಳಿನ ತುದಿ ಗಾಜಿಗೆ ಸಿಕ್ಕಿ ಹೋಗಿದೆ ಎಂದು ಕಾಫಿಪುಡಿಯವರು ಹೇಳಿದ್ದಷ್ಟೇ ನನಗಿದ್ದ ಗುರುತು. ಮಂಡ್ಯಕ್ಕೆ ಹೋಗಲಿ, ನಂಜನಗೂಡಿಗೆ ಹೋಗಲಿ, ಮದುವೆಗೋ ತಿಥಿಗೋ ಹಾಸನಕ್ಕೆ ಹೋಗಲಿ, ಬಸ್ಸಿನಿಂದ ಇಳಿದವನೇ ಕಟ್ಟು ಹಾಕುವ ಅಂಗಡಿ ಎಲ್ಲಿದೆ ಎಂದು ಹುಡುಕುತ್ತಿದ್ದೆ. ಒಳಗೆ ಹೋಗಿ ಬೇಡದ ದೇವರ ಪಟಕ್ಕೆ ಬೆಲೆ ಕೇಳುತ್ತ, ಅಲ್ಲಿ ಕೂತವರ ಎಡಗೈ ನೋಡುತ್ತಿದ್ದೆ. ಮದುವೆಯಾದ ಮೇಲೆ ಹೆಂಡತಿ ಕೇಳಿದಳು, "ಇದೇನ್ರೀ ನಿಮ್ದು, ಊರಿಗೊಂದು ಪಟ ತರ್ತೀರಲ್ಲ?" ಅವಳಿಗೂ ಹೇಳಲಿಲ್ಲ. ಕುವೆಂಪುನಗರದ ನಮ್ಮ ಬಾಡಿಗೆ ಮನೆಯ ಅಟ್ಟದ ಮೇಲೆ ಹನ್ನೊಂದು ಲಕ್ಷ್ಮೀ ಪಟ ಬಿದ್ದಿದ್ದವು. ಕೆಲವು ಸಲ ಟೌನ್‌ಹಾಲಿನ ಹತ್ತಿರ ಜನದಲ್ಲಿ ಯಾರಾದರೂ ಎಡಗೈ ಜೇಬಿನಲ್ಲಿ ಇಟ್ಟುಕೊಂಡು ನಡೆಯುತ್ತಿದ್ದರೆ ಅವರ ಹಿಂದೆಯೇ ಹೋಗುತ್ತಿದ್ದೆ, ಕೈ ಹೊರಗೆ ತೆಗೆಯುವವರೆಗೂ. ಹೆದರಿಕೆಯಾಗುತ್ತಿತ್ತು. ಸಿಗದಿದ್ದರೆ ಹೇಗೆ ಎಂದಲ್ಲ, ಸಿಕ್ಕಿಬಿಟ್ಟರೆ ಏನು ಹೇಳಲಿ ಎಂದು.

ಎರಡು ಸಾವಿರದ ಇಸವಿ ಕಳೆದು ಎರಡು ಮೂರು ವರ್ಷಕ್ಕೆ ನಿಯಮವೇ ಬದಲಾಯಿತು. ಗುಮಾಸ್ತ ಬಂದು ಅಳೆಯುವುದು, ಬಾಡಿಗೆ ಊಹಿಸುವುದು ಎಲ್ಲ ಬಂದ್. ಮಾಲೀಕರೇ ತಮ್ಮ ಕಟ್ಟಡ ಅಳೆದು, ತಾವೇ ಫಾರಂ ತುಂಬಿ ಘೋಷಣೆ ಮಾಡಿಕೊಳ್ಳಬೇಕು. ಇನ್ಸ್‌ಪೆಕ್ಟರು ನಿವೃತ್ತರಾಗಿ ಹೋಗಿದ್ದರು. ನನ್ನನ್ನು ಫಾರಂ ತೆಗೆದುಕೊಳ್ಳುವ ಕೌಂಟರಿಗೆ ಹಾಕಿದರು. ಬಂದವರ ತಪ್ಪು ತಿದ್ದಿ ಮೊಹರು ಒತ್ತುವುದು ನನ್ನ ಕೆಲಸ.

ಒಂದು ಬೆಳಿಗ್ಗೆ ಸಾಲಿನಲ್ಲಿ ಆಕೆ ಇದ್ದರು. ತಲೆ ಅರ್ಧ ಬೆಳ್ಳಗಾಗಿತ್ತು. ನನ್ನ ಗುರುತು ಹಿಡಿದರು. ಫಾರಂ ಕಿಂಡಿಯಿಂದ ಒಳಕ್ಕೆ ತಳ್ಳಿದರು. ಸ್ವಂತ ಉಪಯೋಗ, ಬಾಡಿಗೆ, ಖಾಲಿ ಎನ್ನುವ ಮೂರರಲ್ಲಿ ಬಾಡಿಗೆಗೆ ಗುರುತು ಹಾಕಿದ್ದರು. ಹಲಗೆ ತೆಗೆಸಿ ರೋಲಿಂಗ್ ಶಟರ್ ಹಾಕಿಸಿದ್ದಾರಂತೆ. ಜೆರಾಕ್ಸ್ ಅಂಗಡಿಯವರಿಗೆ ಕೊಟ್ಟು ಎರಡು ವರ್ಷವಾಯಿತಂತೆ.

ಸಹಿ ಮಾಡುವುದನ್ನು ಮರೆತಿದ್ದರು. ಪೆನ್ನು ಕೊಟ್ಟೆ. ಕೊಟ್ಟವನಿಗೆ ತಡೆಯಲಾಗಲಿಲ್ಲ.

"ಅಮ್ಮ, ಆವತ್ತಿನ ಮಹಜರು ಬರೆದೋನು ನಾನು. ಯಾರೂ ನಿಮ್ಮ ಯಜಮಾನ್ರನ್ನ ನೋಡಿರ್ಲಿಲ್ಲ, ಯಾರೂ ಏನೂ ಹೇಳಿರ್ಲಿಲ್ಲ. ಮುಚ್ಚಿದ ಅಂಗಡಿಗೆಲ್ಲ ಅದನ್ನೇ ಬರೀತಿದ್ವಿ. ಕಾಫಿಪುಡಿಯವರು ನಿಜವಾಗ್ಲೂ ಓದಿರ್ಲಿಲ್ಲ. ನಿಮ್ಮ ಯಜಮಾನ್ರು ಎಲ್ಲಿದ್ದಾರೆ ಅಂತ ನನಗೆ ಆಗ್ಲೂ ಗೊತ್ತಿರ್ಲಿಲ್ಲ, ಈಗ್ಲೂ ಗೊತ್ತಿಲ್ಲ. ತಪ್ಪಾಯ್ತಮ್ಮ."

ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ನನಗೆ ಎಷ್ಟೋ ವಾಸಿಯಾಗುತ್ತಿತ್ತು. ಆಕೆ ಪೆನ್ನು ಹಿಡಿದುಕೊಂಡೇ ನನ್ನನ್ನು ನೋಡಿದರು.

"ಕಾಫಿಪುಡಿ ಅಣ್ಣ ತೀರ್ಕೊಂಡು ಹೋದ್ರು, ಹೋದ ವರ್ಷ," ಎಂದರು. "ನಾನು ಮಣ್ಣಿಗೂ ಹೋಗ್ಲಿಲ್ಲ."

ಆಮೇಲೆ ಬಗ್ಗಿ, ಫಾರಂ ಅನ್ನು ಮೊದಲ ಸಾಲಿನಿಂದ ಬೆರಳಿಟ್ಟು ಓದತೊಡಗಿದರು. ಬಾಡಿಗೆದಾರರ ಹೆಸರಿನ ಹತ್ತಿರ ಬೆರಳು ನಿಂತಿತು. ಹಿಂದಿದ್ದವರೊಬ್ಬರು, "ಬೇಗ ಆಗ್ಲಿ ಕಣಮ್ಮ," ಎಂದರು. ಆಕೆ ತಲೆ ಎತ್ತದೆ, ನನಗೊಬ್ಬನಿಗೆ ಕೇಳುವಷ್ಟು ಮೆಲ್ಲಗೆ ಕೇಳಿದರು.

"ಅಂಗಾದ್ರೆ, ಇಷ್ಟು ವರ್ಷದಲ್ಲಿ ಅವ್ರು ಒಂದಿನ ಬಂದಿದ್ರೆ? ಬಾಗಿಲು ಹಾಕಿರೋದು ನೋಡಿ, ಇಲ್ಲ ಬೇರೆಯೋರ ಬೋರ್ಡು ನೋಡಿ, ನಾನೇ ಎಲ್ಲೋ ಹೊಂಟೋಗಿವ್ನಿ ಅನ್ಕೊಂಡು ವಾಪಸ್ ಹೋಗಿದ್ರೆ?"

ಸಹಿ ಹಾಕಿ ಫಾರಂ ನನ್ನ ಕಡೆಗೆ ಸರಿಸಿದರು. ನಾನು ಅದಕ್ಕೆ ಮೊಹರು ಒತ್ತಿ, ರಸೀದಿ ಹರಿದು ಕೊಟ್ಟೆ.